ಲಿವರ್ ರೋಗಿಗೆ ಮೋಷನ್ ಆಗದಿದ್ದರೆ: ಸಿರಪ್ ಕೊಡುವ ಮೊದಲು ನೋಡಬೇಕಾದ್ದು

ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗಿ ಸೋಲುವ ಕಾಯಿಲೆ, ಇರುವವರು ಮನೆಯಲ್ಲಿದ್ದರೆ ಬೆಳಗ್ಗೆ ಎದ್ದ ತಕ್ಷಣ ಎಲ್ಲರೂ ಕೇಳುವುದು ಒಂದೇ ಮಾತು. ಇವತ್ತು ಎರಡಕ್ಕೆ ಹೋಯ್ತಾ? ಹೋಗಿದ್ದರೆ ಮನೆಯವರಿಗೆಲ್ಲ ಸಮಾಧಾನ, ಹೋಗಿಲ್ಲ ಅಂದ್ರೆ ಲ್ಯಾಕ್ಟುಲೋಸ್ ಸಿರಪ್ ಬಾಟಲಿ ಕೈಗೆ ಬರುತ್ತದೆ. ಹತ್ತರಲ್ಲಿ ಒಂಬತ್ತು ಸಲ ಅದು ಸರಿಯಾದ ಕೆಲಸವೇ. ಉಳಿದ ಆ ಒಂದು ಸಲದ ಬಗ್ಗೆ ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗದಲ್ಲಿ ಸ್ಟಾಫ್ ನರ್ಸ್. ಮೆಡಿಸಿನ್ ವಾರ್ಡು, ಸರ್ಜರಿ ವಾರ್ಡು ಎರಡರಲ್ಲೂ ಕೆಲಸ ಮಾಡಿದ್ದೇನೆ. ನಮ್ಮ ದೊಡ್ಡಪ್ಪನಿಗೆ ಸಿರೋಸಿಸ್, ಮನೆ ತೀರ್ಥಹಳ್ಳಿಯಿಂದ ಒಳಗೆ. ಒಂದು ಆಷಾಢದಲ್ಲಿ ಜೋರು ಮಳೆ, ರಾತ್ರಿ ದೊಡ್ಡಮ್ಮ ಫೋನ್ ಮಾಡಿದರು. "ಮೂರು ದಿನ ಆಯ್ತು ಮಗಾ, ಕೂತೇ ಇಲ್ಲ. ಸಿರಪ್ ಜಾಸ್ತಿ ಕೊಡ್ಲಾ?" ಅಂದರು. ನಾನು ಡ್ಯೂಟಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ. "ಕೊಡಿ ದೊಡ್ಡಮ್ಮ, 30 ಎಂಎಲ್ ಮೂರು ಸಲ ಮಾಡಿ" ಅಂದುಬಿಟ್ಟೆ. ಬೆಳಗಾಗುವಷ್ಟರಲ್ಲಿ ದೊಡ್ಡಪ್ಪನ ಹೊಟ್ಟೆ ಡೋಲಿನ ಹಾಗೆ ಬಿಗಿದಿತ್ತು, ಹಸಿರು ವಾಂತಿ ಶುರುವಾಗಿತ್ತು. ಹೊಕ್ಕಳಲ್ಲಿ ಯಾವಾಗಲೂ ನಿಂಬೆಹಣ್ಣಿನಷ್ಟು ಮೆತ್ತಗೆ ಉಬ್ಬಿಕೊಂಡಿರುತ್ತಿದ್ದ ಹರ್ನಿಯಾ ಅವತ್ತು ಕಲ್ಲಿನ ಹಾಗೆ ಗಟ್ಟಿ, ಮೇಲಿನ ಚರ್ಮ ಕೆಂಪು. ಕರುಳಿನ ಒಂದು ತುಂಡು ಅದರೊಳಗೆ ಸಿಕ್ಕಿಕೊಂಡು ದಾರಿ ಕಟ್ಟಿತ್ತು. ಅದೇ ದಿನ ಆಪರೇಷನ್ ಆಯಿತು, ಉಳಿದರು. ಆದರೆ ಗ್ಯಾಸ್ ಹೋಗ್ತಿದ್ಯಾ, ವಾಂತಿ ಇದ್ಯಾ ಅಂತ ಎರಡು ಪ್ರಶ್ನೆ ನಾನು ಕೇಳಲಿಲ್ಲ. ಕೇಳಿದ್ದರೆ ಒಂದು ರಾತ್ರಿ ಮುಂಚೆಯೇ ಹೊರಡುತ್ತಿದ್ದರು.

ಮಲ ಬರದಿರುವುದಕ್ಕೆ ಎರಡು ಅರ್ಥ ಇದೆ. ಒಂದು ಬರೀ ಮಲಬದ್ಧತೆ, ಅದಕ್ಕೆ ಸಿರಪ್ ಬೇಕೇ ಬೇಕು. ಇನ್ನೊಂದು ಕರುಳೇ ಕಟ್ಟಿಕೊಂಡಿರುವುದು. ಅದಕ್ಕೆ ಸಿರಪ್ ಕೊಟ್ಟರೆ ಅಪಾಯ ಜಾಸ್ತಿ.

ಸಿರಪ್ ಯಾಕೆ ಕೊಡುತ್ತಾರೆ

ಲ್ಯಾಕ್ಟುಲೋಸ್ ಅನ್ನುವ ಆ ಸಿಹಿ ಸಿರಪ್ ಸುಮ್ನೆ ಹೊಟ್ಟೆ ಸಡಿಲ ಮಾಡಲು ಬರೆದುಕೊಟ್ಟದ್ದಲ್ಲ. ನಾವು ತಿಂದದ್ದು ಕರುಳಿನಲ್ಲಿ ಜೀರ್ಣವಾಗುವಾಗ ಅಮೋನಿಯಾ ಹುಟ್ಟುತ್ತದೆ. ಒಳ್ಳೆಯ ಲಿವರ್ ಅದನ್ನು ರಕ್ತದಿಂದ ತೆಗೆದುಹಾಕುತ್ತದೆ. ಗಟ್ಟಿಯಾದ ಲಿವರ್‌ಗೆ ಆ ಶಕ್ತಿ ಇರುವುದಿಲ್ಲ, ಅಮೋನಿಯಾ ತಲೆಗೆ ಹೋಗಿ ಮಂಪರು ಬರುತ್ತದೆ. ಮಲ ಒಳಗೆ ನಿಂತಷ್ಟೂ ಇದು ಹೆಚ್ಚು. ಲ್ಯಾಕ್ಟುಲೋಸ್ ಕರುಳಿನೊಳಗೆ ಹುಳಿಯಾಗಿ, ಅಮೋನಿಯಾ ರಕ್ತಕ್ಕೆ ಸೇರದಂತೆ ಹಿಡಿದಿಟ್ಟು, ಮಲದ ಜೊತೆ ಹೊರಗೆ ಕಳಿಸುತ್ತದೆ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಆಗಬೇಕು, ಅದೇ ಅಳತೆ. ಡಾಕ್ಟರ್ ಸಾಮಾನ್ಯವಾಗಿ 15ರಿಂದ 30 ಎಂಎಲ್, ದಿನಕ್ಕೆ ಎರಡು ಮೂರು ಸಲ ಅಂತ ಬರೆಯುತ್ತಾರೆ. ಅವರು ಹೇಳಿದ ಮಿತಿಯೊಳಗೆ ಮಲ ನೋಡಿಕೊಂಡು ಹೆಚ್ಚು ಕಡಿಮೆ ಮಾಡಿಕೊಳ್ಳುವುದು. ಅಡುಗೆಮನೆಯ ಚಮಚದಲ್ಲಿ ಅಳೆಯಬೇಡಿ, ಬಾಟಲಿ ಜೊತೆ ಬರುವ ಮುಚ್ಚಳದಲ್ಲೇ ಅಳೆಯಿರಿ.

ದಿನಕ್ಕೆ ಆರೇಳು ಸಲ ನೀರು ನೀರಾಗಿ ಹೋದರೆ ಒಳ್ಳೆಯದಾಯ್ತು ಅಂದುಕೊಳ್ಳುವವರಿದ್ದಾರೆ. ಹಾಗಲ್ಲ. ಮೈಯ ನೀರು, ಪೊಟ್ಯಾಸಿಯಂ ಎಲ್ಲ ಇಳಿದುಹೋಗಿ ಅದೇ ಮಂಪರು ಬೇರೆ ದಾರಿಯಿಂದ ಬರುತ್ತದೆ. ಅಂಥ ದಿನ ಮುಂದಿನ ಡೋಸ್ ಕೊಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ.

ಬಾಟಲಿ ತೆಗೆಯುವ ಮೊದಲು

ಒಂದು ದಿನ ಮಲ ಆಗಿಲ್ಲ, ಇಲ್ಲವೇ ಎಂದಿನಂತೆ ಆಗಿಲ್ಲ ಅಂದಾಗ ಮೊದಲು ಇಷ್ಟು ನೋಡಿ.

ಗ್ಯಾಸ್ ಹೋಗ್ತಿದ್ಯಾ? ನಾಚಿಕೆ ಬಿಟ್ಟು ಕೇಳಿ. ನಮ್ಮ ಕಡೆ ಸೊಸೆ ಮಾವನಿಗೆ ಇದನ್ನು ಹೇಗೆ ಕೇಳುವುದು ಅಂತ ಹಿಂಜರಿಯುತ್ತಾಳೆ, ಅಲ್ವಾ? ಅತ್ತೆ ಕೈಲಿ ಕೇಳಿಸಿ, ಮೊಮ್ಮಗನ ಕೈಲಿ ಕೇಳಿಸಿ, ಒಟ್ಟಿನಲ್ಲಿ ಉತ್ತರ ಸಿಗಬೇಕು. ಬರೀ ಮಲಬದ್ಧತೆಯಲ್ಲಿ ಸಾಮಾನ್ಯವಾಗಿ ಗ್ಯಾಸ್ ಹೋಗುತ್ತಲೇ ಇರುತ್ತದೆ. ಪೂರ್ತಿ ಕಟ್ಟಿಕೊಂಡರೆ ಅದೂ ನಿಲ್ಲುತ್ತದೆ. ಆದರೆ ಕಟ್ಟಿಕೊಂಡ ಜಾಗದಿಂದ ಕೆಳಗೆ ಮೊದಲೇ ಇದ್ದ ಮಲ, ಗ್ಯಾಸ್ ಒಂದೆರಡು ಸಲ ಬರಬಹುದು. ಹಾಗಾಗಿ "ಬೆಳಗ್ಗೆ ಸ್ವಲ್ಪ ಆಯ್ತಲ್ಲ" ಅನ್ನುವುದೊಂದನ್ನೇ ನಂಬಬೇಡಿ.

ವಾಂತಿ ಇದ್ಯಾ, ಇದ್ದರೆ ಯಾವ ಬಣ್ಣ? ತಿಂದದ್ದು ಬರುವುದು ಬೇರೆ. ಹಸಿರು ಹಳದಿ ಪಿತ್ತ ಮತ್ತೆ ಮತ್ತೆ ಬಂದರೆ ಬೇರೆ. ಕಂದು ಬಣ್ಣದ, ಮಲದ ವಾಸನೆಯ ವಾಂತಿ ಬಂತು ಅಂದ್ರೆ ಕಟ್ಟಿಕೊಂಡು ಹೊತ್ತಾಗಿದೆ ಅಂತ.

ನೋವು ಹೇಗೆ ಬರ್ತಿದೆ? ಕರುಳು ಕಟ್ಟಿದಾಗ ನೋವು ಅಲೆ ಅಲೆಯಾಗಿ ಬರುತ್ತದೆ. ಹಿಂಡಿದ ಹಾಗೆ ಹಿಡಿದು, ಬಿಟ್ಟು, ಮತ್ತೆ ಹಿಡಿಯುತ್ತದೆ. ಆ ಅಲೆ ನಿಂತು ಒಂದೇ ಸಮ ನೋವಾಗಿ, ಮುಟ್ಟಿದರೆ ಚೀರುವ ಹಾಗಾದರೆ ಕರುಳಿಗೆ ರಕ್ತ ಓಡಾಡುವುದು ನಿಲ್ಲುತ್ತಿರಬಹುದು. ಆಗ ಒಂದು ಗಂಟೆಯೂ ತಡ ಮಾಡಬಾರದು. ಮಂಪರಿನಲ್ಲಿರುವ ರೋಗಿ ನೋವು ಅಂತ ಬಾಯಿಬಿಟ್ಟು ಹೇಳುವುದೇ ಇಲ್ಲ. ಮುಖ ಕಿವುಚುವುದು, ಕೈ ಪದೇ ಪದೇ ಹೊಟ್ಟೆಗೆ ಹೋಗುವುದು, ಮೊಣಕಾಲು ಮಡಿಸಿ ಮಲಗುವುದು, ಇವನ್ನೇ ನೀವು ನೋವು ಅಂತ ಓದಿಕೊಳ್ಳಬೇಕು.

ಕೊನೆಯದು ಹೊಟ್ಟೆ. ಹೊಟ್ಟೆಯಲ್ಲಿ ನೀರು ಇರುವವರಿಗೆ ಉಬ್ಬರ ಇದ್ದೇ ಇರುತ್ತದೆ, ಹಾಗಾಗಿ ಬರೀ ಕಣ್ಣಿನಲ್ಲಿ ನೋಡಿದರೆ ತಿಳಿಯುವುದಿಲ್ಲ. ನೀರು ತುಂಬುವುದು ದಿನಗಳ ಮೇಲೆ, ನಿಧಾನವಾಗಿ. ಕರುಳು ಕಟ್ಟಿ ಗಾಳಿ ತುಂಬುವುದು ಗಂಟೆಗಳಲ್ಲಿ. ಅದಕ್ಕೇ ಟೇಪ್ ಬೇಕು. ಟೈಲರ್ ಟೇಪ್ ಒಂದು ತಂದು, ಬೆಳಗ್ಗೆ ಎದ್ದ ಕೂಡಲೇ ಮಲಗಿಸಿಯೇ ಹೊಕ್ಕಳ ಮಟ್ಟದಲ್ಲಿ ಸುತ್ತಳತೆ ತೆಗೆಯಿರಿ. ಅದೇ ಜಾಗ ಸಿಗಲಿ ಅಂತ ಎರಡೂ ಬದಿ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ.

ಗ್ಯಾಸ್ ಹೋಗುತ್ತಿದೆ, ವಾಂತಿ ಇಲ್ಲ, ಹೊಟ್ಟೆ ನಿನ್ನೆಯಷ್ಟೇ ಇದೆ, ನೋವಿಲ್ಲ ಅಂದರೆ ಸಿರಪ್ ಕೊಡಿ. ಗ್ಯಾಸ್ ನಿಂತಿದ್ದರೆ, ಇಲ್ಲವೇ ವಾಂತಿಯೋ ನೋವೋ ಹೊಸ ಉಬ್ಬರವೋ ಒಂದಿದ್ದರೂ ಸಿರಪ್ ಕೊಡಬೇಡಿ, ಎನಿಮಾ ಕೊಡಬೇಡಿ. ಹರಳೆಣ್ಣೆ ಅಂತೂ ಬೇಡವೇ ಬೇಡ. ನೀರೂ ಬೇಡ. ನೇರ ಆಸ್ಪತ್ರೆಗೆ.

ಹೊಕ್ಕಳ ಮೇಲೆ ಕಣ್ಣಿರಲಿ

ಹೊಟ್ಟೆಯಲ್ಲಿ ನೀರು ತುಂಬಿದ ಸಿರೋಸಿಸ್ ರೋಗಿಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಹೊಕ್ಕಳ ಹರ್ನಿಯಾ ಬರುತ್ತದೆ. ಒಳಗಿನ ನೀರಿನ ಒತ್ತಡಕ್ಕೆ ಹೊಕ್ಕಳ ಜಾಗ ತೆಳುವಾಗಿ ಹೊರಗೆ ಬರುತ್ತದೆ. ತೊಂದರೆ ಕೊಡದೆ ವರ್ಷಗಟ್ಟಲೆ ಇರಬಹುದು, ಆದ್ದರಿಂದಲೇ ಮನೆಯವರು ಅದನ್ನು ಮರೆತುಬಿಡುತ್ತಾರೆ. ಸ್ನಾನ ಮಾಡಿಸುವಾಗ ದಿನಾ ಒಂದು ಸಲ ಬೆರಳಿನಲ್ಲಿ ಮೆಲ್ಲಗೆ ಮುಟ್ಟಿ ನೋಡಿ. ಮೆತ್ತಗಿದೆ, ಮಲಗಿದಾಗ ಸ್ವಲ್ಪ ಒಳಗೆ ಹೋಗುತ್ತದೆ ಅಂದರೆ ಸರಿ. ಗಟ್ಟಿಯಾಗಿ, ನೋಯುತ್ತಾ, ಕೆಂಪೋ ನೀಲಿಯೋ ಆಗಿ, ಮಲಗಿದರೂ ಒಳಗೆ ಹೋಗದಿದ್ದರೆ ಕರುಳು ಸಿಕ್ಕಿಕೊಂಡಿದೆ ಅಂತಲೇ ತಿಳಿದು ಹೊರಡಿ. ನೀವೇ ಒತ್ತಿ ಒಳಗೆ ತಳ್ಳಲು ಹೋಗಬೇಡಿ. ತೊಡೆಸಂದಿನಲ್ಲೂ ಹರ್ನಿಯಾ ಇರಬಹುದು, ಅಲ್ಲೂ ನೋಡಿ. ಗಂಡಸರು ಅದನ್ನು ಮುಚ್ಚಿಡುತ್ತಾರೆ.

ಬಹಳ ಜನರಿಗೆ ಗೊತ್ತಿಲ್ಲದ ಒಂದು ಮಾತು. ಸೂಜಿ ಹಾಕಿ ಹೊಟ್ಟೆಯ ನೀರು ತೆಗೆಸಿದ ಮೇಲೆ ಎಲ್ಲರಿಗೂ ಹಗುರ ಅನಿಸುತ್ತದೆ, ರೋಗಿಯೂ ಚೆನ್ನಾಗಿ ಉಸಿರಾಡುತ್ತಾರೆ. ಆದರೆ ಹೊಟ್ಟೆ ಕುಗ್ಗಿದಾಗ ಹರ್ನಿಯಾದ ಬಾಯಿಯೂ ಕಿರಿದಾಗಿ, ಒಳಗಿದ್ದ ಕರುಳು ಹಿಂದಕ್ಕೆ ಬರಲಾಗದೆ ಸಿಕ್ಕಿಕೊಳ್ಳಬಹುದು. ನೀರು ತೆಗೆಸಿಕೊಂಡು ಮನೆಗೆ ಬಂದ ಮೊದಲ ಎರಡು ಮೂರು ದಿನ ಹೊಕ್ಕಳನ್ನು ಬೆಳಗ್ಗೆ ಸಂಜೆ ಎರಡೂ ಹೊತ್ತು ನೋಡಿ.

ಹರ್ನಿಯಾ ಇಲ್ಲದವರಿಗೂ ಕರುಳು ಕಟ್ಟಬಹುದು. ಹಿಂದೆ ಯಾವಾಗಲೋ ಹೊಟ್ಟೆ ಆಪರೇಷನ್ ಆಗಿದ್ದರೆ ಒಳಗೆ ಅಂಟಿಕೊಂಡ ಪೊರೆಗಳಿಂದ ಆಗುತ್ತದೆ, ಗಡ್ಡೆಯಿಂದ ಆಗುತ್ತದೆ, ಕರುಳು ತಿರುಚಿಕೊಂಡರೂ ಆಗುತ್ತದೆ. ಇನ್ನು ದಾರಿ ಕಟ್ಟದೆಯೇ ಕರುಳು ಕೆಲಸ ನಿಲ್ಲಿಸುವುದೂ ಇದೆ. ನೀರಿಳಿಸುವ ಮಾತ್ರೆ ತಗೊಳ್ಳುತ್ತಾ ವಾಂತಿ ಭೇದಿಯೂ ಆದರೆ ಪೊಟ್ಯಾಸಿಯಂ ಇಳಿದು ಹಾಗಾಗುತ್ತದೆ. ಯಾವುದು ಅಂತ ಮನೆಯಲ್ಲಿ ಕೂತು ಹೇಳಲು ಆಗುವುದಿಲ್ಲ. ಅದಕ್ಕೆ ಎಕ್ಸ್‌ರೇ, ಸಿಟಿ ಸ್ಕ್ಯಾನ್ ಬೇಕು.

ಹೊರಡುವಾಗ

ಮಲೆನಾಡಿನಲ್ಲಿ ಹೊರಡುವುದೇ ಅರ್ಧ ಕಷ್ಟ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿಲೋಮೀಟರ್ ಹತ್ತಿರ, ಸಾಗರದಿಂದ ಇನ್ನೂ ದೂರ, ಮಳೆಗಾಲದಲ್ಲಿ ಮರ ಬಿದ್ದರೆ ಆ ದಾರಿಯೂ ಇಲ್ಲ. ಹಾಗಾಗಿ ಬೆಳಗಾಗಲಿ ಅಂತ ಕಾಯುವ ಅಭ್ಯಾಸ ನಮ್ಮಲ್ಲಿ ಇದೆ. ಈ ವಿಷಯದಲ್ಲಿ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ನೆಟ್‌ವರ್ಕ್ ಸಿಗುವ ಗುಡ್ಡದ ತುದಿ ಯಾವುದು ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ. ಆಂಬುಲೆನ್ಸ್ ಅಂಗಳಕ್ಕೆ ಬರದಿದ್ದರೆ ರೋಗಿಯನ್ನು ರಸ್ತೆಗೆ ಎತ್ತಿಕೊಂಡು ಬರಲು ಗಟ್ಟಿ ಕುರ್ಚಿ, ಇಬ್ಬರು ಆಳು ಬೇಕು. ಅಕ್ಕಪಕ್ಕದವರಿಗೆ ಮೊದಲೇ ಹೇಳಿಟ್ಟಿರಿ.

ಹತ್ತಿರದ ತಾಲೂಕು ಆಸ್ಪತ್ರೆಗೆ ಮೊದಲು ಹೋಗಿ. ಡ್ರಿಪ್ ಹಾಕಿ, ಮೂಗಿನಿಂದ ಪೈಪ್ ಬೇಕೋ ಅಂತ ಅಲ್ಲಿನ ಡಾಕ್ಟರ್ ನೋಡಿ, ಆಮೇಲೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಮಣಿಪಾಲಕ್ಕೋ ಕಳಿಸುತ್ತಾರೆ. ದಾರಿಯಲ್ಲಿ ತಲೆ ಎತ್ತರದಲ್ಲಿರಲಿ, ವಾಂತಿ ಬಂದರೆ ಎಡಮಗ್ಗುಲಿಗೆ ತಿರುಗಿಸಿ. ಬಾಯಲ್ಲಿ ಎಲೆಅಡಿಕೆ ಇದ್ದರೆ ಬೆರಳು ಹಾಕಿ ತೆಗೆಯಿರಿ. ಮಂಪರಿನಲ್ಲಿರುವವರ ಬಾಯಲ್ಲಿ ಅರ್ಧ ಜಗಿದ ಕವಳ ಹಾಗೆಯೇ ಉಳಿದಿರುತ್ತದೆ, ಅದು ಗಂಟಲಿಗೆ ಇಳಿದರೆ ಉಸಿರೇ ಕಟ್ಟುತ್ತದೆ.

ಚೀಲದಲ್ಲಿ ಎಲ್ಲ ಮಾತ್ರೆ, ಹಳೆ ರಿಪೋರ್ಟು, ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಇರಲಿ. ಡಾಕ್ಟರಿಗೆ ನೀವಾಗಿಯೇ ಹೇಳಬೇಕಾದದ್ದು ಮೂರು. ಕೊನೆಯ ಸಲ ಗ್ಯಾಸ್ ಹೋದದ್ದು ಯಾವಾಗ, ಕೊನೆಯ ಸಲ ಸಿರಪ್ ಕೊಟ್ಟದ್ದು ಎಷ್ಟು, ಅನ್ನನಾಳದ ಉಬ್ಬಿದ ರಕ್ತನಾಳಕ್ಕೆ ಬ್ಯಾಂಡ್ ಹಾಕಿಸಿದ್ದರೆ ಅದರ ತಾರೀಕು. ಬ್ಯಾಂಡಿಂಗ್ ಆಗಿ ಕೆಲವೇ ದಿನ ಆಗಿದ್ದರೆ ಮೂಗಿನ ಪೈಪ್ ಹಾಕುವಾಗ ರಕ್ತಸ್ರಾವದ ಭಯ ಇರುತ್ತದೆ, ಹಾಕಬೇಕೋ ಬೇಡವೋ ಡಾಕ್ಟರೇ ತೀರ್ಮಾನಿಸಬೇಕು. ಕುಡಿತದ ಅಭ್ಯಾಸ ಇದ್ದರೆ ಕೊನೆಯದಾಗಿ ಕುಡಿದದ್ದು ಯಾವಾಗ ಅಂತಲೂ ಮುಚ್ಚಿಡದೆ ಹೇಳಿ. ಬಿಟ್ಟ ಎರಡು ಮೂರು ದಿನದಲ್ಲಿ ಬರುವ ನಡುಕ, ಬಡಬಡಿಕೆ ಬೇರೆ, ಲಿವರಿನ ಮಂಪರು ಬೇರೆ. ಕೊಡುವ ಮದ್ದೂ ಬೇರೆ.

ವಾರ್ಡಿನಲ್ಲಿ

ಇದು ಹೊಸದಾಗಿ ಡ್ಯೂಟಿಗೆ ಬಂದ ತಂಗಿಯರಿಗೂ, ಹಾಸಿಗೆ ಪಕ್ಕ ಕೂರುವ ಮನೆಯವರಿಗೂ.

ಬಾಯಿಗೆ ಏನೂ ಇಲ್ಲ ಅಂದರೆ ಏನೂ ಇಲ್ಲ. ರೋಗಿ ನೀರು ನೀರು ಅಂತ ಕೈ ಹಿಡಿದು ಬೇಡುತ್ತಾರೆ, ನೋಡಲಿಕ್ಕೆ ಆಗುವುದಿಲ್ಲ ನಿಜ. ನಾನು ಮಾಡುವುದು ಹೀಗೆ. ಶುದ್ಧ ಹತ್ತಿಬಟ್ಟೆಯನ್ನು ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ತುಟಿ, ನಾಲಿಗೆ, ದವಡೆಯ ಒಳಬದಿ ಒರೆಸುತ್ತೇನೆ. ಎರಡು ಗಂಟೆಗೊಮ್ಮೆ. ಎಚ್ಚರ ಇರುವವರಾದರೆ ಬಾಯಿ ಮುಕ್ಕಳಿಸಿ ಉಗುಳಿಸುತ್ತೇನೆ. ತುಟಿಗೆ ತೆಳುವಾಗಿ ಕೊಬ್ಬರಿ ಎಣ್ಣೆ. ಅರ್ಧ ಬಾಯಾರಿಕೆ ಇದರಲ್ಲೇ ಇಳಿಯುತ್ತದೆ. ಹಲ್ಲುಜ್ಜಲು ಮೆತ್ತಗಿನ ಬ್ರಷ್ಷೇ ಬೇಕು, ಇವರ ವಸಡು ಮುಟ್ಟಿದರೆ ರಕ್ತ ಬರುತ್ತದೆ.

ಮೂಗಿನ ಪೈಪ್, ಅಂದರೆ ರೈಲ್ಸ್ ಟ್ಯೂಬ್, ಜಠರದೊಳಗೆ ಕಟ್ಟಿ ನಿಂತ ನೀರು ಗಾಳಿಯನ್ನು ಹೊರಗೆ ತೆಗೆಯುತ್ತದೆ. ಊಟ ಕೊಡಲಿಕ್ಕೆ ಹಾಕಿದ್ದಲ್ಲ, ಇದನ್ನು ಮನೆಯವರಿಗೆ ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ಯಾರೋ ಪ್ರೀತಿಯಿಂದ ಎಳನೀರು ಹೊಯ್ದುಬಿಡುತ್ತಾರೆ. ಬ್ಯಾಗ್ ಯಾವಾಗಲೂ ಹೊಟ್ಟೆಯ ಮಟ್ಟಕ್ಕಿಂತ ಕೆಳಗಿರಲಿ. ತಲೆಯ ಕಡೆ ಮಂಚ 30ರಿಂದ 45 ಡಿಗ್ರಿ ಎತ್ತಿರಿ. ಮೂಗಿನ ಹತ್ತಿರ ಪೈಪಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕಿಟ್ಟರೆ ಜಾರಿದ್ದು ತಕ್ಷಣ ಗೊತ್ತಾಗುತ್ತದೆ. ಪ್ಲಾಸ್ಟರ್ ದಿನಾ ಬದಲಿಸಿ, ಮೂಗಿನ ಅಂಚು ಹುಣ್ಣಾಗಿದೆಯಾ ನೋಡಿ. ನಾಲ್ಕು ಗಂಟೆಗೊಮ್ಮೆ ಎಷ್ಟು ಬಂತು, ಯಾವ ಬಣ್ಣ ಅಂತ ಬರೆಯಿರಿ. ಹಸಿರು ತಿಳಿಯಾಗುತ್ತಾ ಕಡಿಮೆಯಾಗುತ್ತಾ ಬಂದರೆ ಒಳ್ಳೆಯದು. ಕೆಂಪೋ ಕಾಫಿ ಚರಟದ ಬಣ್ಣವೋ ಕಂಡರೆ ಮುಂದಿನ ರೌಂಡ್ಸ್‌ವರೆಗೆ ಕಾಯಬೇಡಿ, ಆಗಲೇ ಡಾಕ್ಟರನ್ನು ಕರೆಯಿರಿ.

ಬಾಯಿಗೆ ಸಿರಪ್ ಇಲ್ಲ ಅಂದ ಮೇಲೆ ಮಂಪರು ಏರಬಹುದು, ಅದನ್ನು ನೋಡುತ್ತಲೇ ಇರಬೇಕು. ಪ್ರತಿ ಪಾಳಿಯಲ್ಲೂ ಊರು ಯಾವುದು, ವಾರ ಯಾವುದು ಅಂತ ಕೇಳಿ. ಎರಡೂ ಕೈ ಮುಂದಕ್ಕೆ ಚಾಚಿಸಿ, ಬಸ್ಸು ನಿಲ್ಲಿಸುವ ಹಾಗೆ ಅಂಗೈ ಎತ್ತಿ ಹಿಡಿಯಲು ಹೇಳಿ. ಕೈ ಹಕ್ಕಿ ರೆಕ್ಕೆಯ ಹಾಗೆ ಪಟಪಟ ಬಿದ್ದರೆ ಚಾರ್ಟಿನಲ್ಲಿ ಬರೆದು ಡಾಕ್ಟರಿಗೆ ತಿಳಿಸಿ. ಲಿವರ್ ಸೋತವರಿಗೆ ಊಟ ನಿಂತಾಗ ಸಕ್ಕರೆ ತಟ್ಟನೆ ಇಳಿಯುತ್ತದೆ. ಬೆವರು, ತೊದಲು, ಅರೆಪ್ರಜ್ಞೆ ಎಲ್ಲವನ್ನೂ ಲಿವರಿನ ಮಂಪರು ಅಂತ ತಳ್ಳಿಹಾಕದೆ ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡಿ. ಕುಡಿತದ ರೋಗಿಗೆ ಗ್ಲೂಕೋಸ್ ಬಾಟಲಿ ಏರಿಸುವ ಮೊದಲು ಥಯಾಮಿನ್ (ವಿಟಮಿನ್ ಬಿ1) ಬರೆದಿದ್ದಾರಾ ಅಂತ ಕೇಳಿಬಿಡಿ.

ಮೂತ್ರ ಗಂಟೆಗೆ ಕಿಲೋಗೆ ಅರ್ಧ ಎಂಎಲ್ ಆದರೂ ಬರಬೇಕು, 60 ಕಿಲೋದವರಿಗೆ 30 ಎಂಎಲ್. ಅದಕ್ಕಿಂತ ಇಳಿದರೆ ಕಿಡ್ನಿಗೆ ಪೆಟ್ಟು ಬೀಳುತ್ತಿದೆ. ಇವರಿಗೆ ಡ್ರಿಪ್ ಕಡಿಮೆಯಾದರೂ ಕಷ್ಟ, ಜಾಸ್ತಿಯಾದರೆ ಹೊಟ್ಟೆಗೆ ಕಾಲಿಗೆ ನೀರು. ಆದ್ದರಿಂದ ಒಳಗೆ ಹೋದದ್ದು, ಹೊರಗೆ ಬಂದದ್ದು ಎರಡನ್ನೂ ಅಂದಾಜಿನಲ್ಲಿ ಬರೆಯಬೇಡಿ, ಅಳೆದು ಬರೆಯಿರಿ. ಪೈಪಿನಿಂದ ಬಂದದ್ದೂ ವಾಂತಿಯೂ ಲೆಕ್ಕಕ್ಕೆ ಸೇರಬೇಕು. ಇಂಜೆಕ್ಷನ್ ಚುಚ್ಚಿದ ಜಾಗವನ್ನು ಐದು ನಿಮಿಷ ಒತ್ತಿ ಹಿಡಿಯಿರಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಮೈ ಒಣಗಿ ಹೊಟ್ಟೆ ಮಾತ್ರ ದಪ್ಪ ಇರುವವರ ಸೊಂಟದ ಮೂಳೆಯ ಮೇಲೆ ಹುಣ್ಣು ಒಂದೇ ರಾತ್ರಿಗೆ ಏಳಬಹುದು.

ಗ್ಯಾಸ್ ಹೋಯಿತು ಅಂತ ರೋಗಿ ಹೇಳಿದ ಕ್ಷಣ ನಮಗೆ ಹಬ್ಬ. ಆಮೇಲೂ ಡಾಕ್ಟರ್ ಹೇಳಿದ ಮೇಲೆಯೇ ಗುಟುಕು ಗುಟುಕು ನೀರು, ಆಮೇಲೆ ಗಂಜಿ ತಿಳಿ.

ಮನೆಯಲ್ಲಿ ದಿನದಿನದ್ದು

ಉಪ್ಪು ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಟೀ ಚಮಚ, ಮಟ್ಟಸವಾಗಿ. ಬೆಳಗ್ಗೆಯೇ ರೋಗಿಯ ಪಾಲು ಒಂದು ಸಣ್ಣ ಡಬ್ಬಿಗೆ ತೆಗೆದಿಟ್ಟು ಅದರಲ್ಲೇ ಮುಗಿಸುವುದು ಒಳ್ಳೆಯ ಉಪಾಯ. ನಮ್ಮ ಕಡೆ ಕಷ್ಟ ಇರುವುದು ಸಾರಿನ ಉಪ್ಪಿನಲ್ಲಲ್ಲ. ಅಪ್ಪೆಮಿಡಿ, ಉಪ್ಪು ನೀರಲ್ಲಿಟ್ಟ ಹಲಸಿನ ಸೊಳೆ, ಕಳಲೆ, ಹಪ್ಪಳ, ಮಜ್ಜಿಗೆ ಮೆಣಸು, ಒಣಮೀನು. ಒಂದು ಮಿಡಿ ತಟ್ಟೆಗೆ ಬಿದ್ದರೆ ಇಡೀ ದಿನದ ಲೆಕ್ಕ ತಪ್ಪುತ್ತದೆ. ಉಪ್ಪಿಲ್ಲದೆ ಹೇಗೆ ಉಣ್ಣುವುದು ಅನ್ನುವವರಿಗೆ ತಂಬುಳಿ ಇದೆಯಲ್ಲ. ಒಂದೆಲಗವೋ ಶುಂಠಿಯೋ ಹಾಕಿ, ಜೀರಿಗೆ ಮೆಣಸು ಹುರಿದು, ಕಾಯಿ ಮಜ್ಜಿಗೆಯಲ್ಲಿ ರುಬ್ಬಿ, ಕೊನೆಗೆ ನಿಂಬೆ ಹಿಂಡಿದರೆ ಉಪ್ಪಿನ ನೆನಪು ಕಡಿಮೆಯಾಗುತ್ತದೆ. ಅಂಗಡಿಯಲ್ಲಿ ಸಿಗುವ ಕಡಿಮೆ ಸೋಡಿಯಂ ಉಪ್ಪು ತರಬೇಡಿ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಸ್ಪೈರೊನೊಲ್ಯಾಕ್ಟೋನ್, ಅಂದರೆ ಪೊಟ್ಯಾಸಿಯಂ ಮೈಯಲ್ಲೇ ಉಳಿಸುವ ಬಗೆಯ ನೀರಿಳಿಸುವ ಮಾತ್ರೆ, ತಗೊಳ್ಳುವವರಿಗೆ ಅದು ಏರಿದರೆ ಹೃದಯಕ್ಕೆ ಅಪಾಯ. ಎಳನೀರೂ ಡಾಕ್ಟರನ್ನು ಕೇಳಿಯೇ.

ಕಾಮಾಲೆಯ ಪಥ್ಯ ಅಂತ ಬರೀ ಗಂಜಿ ಮಜ್ಜಿಗೆಯಲ್ಲಿ ಇಟ್ಟಿರುತ್ತಾರಲ್ಲ, ಅದನ್ನು ಕಂಡರೆ ನನಗೆ ತುಂಬಾ ಸಂಕಟ. ಸಿರೋಸಿಸ್ ರೋಗಿಗೆ ಪ್ರೋಟೀನ್ ಕಡಿಮೆ ಮಾಡಬಾರದು. ಕಿಲೋಗೆ 1.2ರಿಂದ 1.5 ಗ್ರಾಂ ಬೇಕು, ನೀರು ತುಂಬುವ ಮೊದಲಿನ ತೂಕದ ಲೆಕ್ಕದಲ್ಲಿ. ಅದು ಸಿಗದಿದ್ದರೆ ಮೈಯ ಮಾಂಸಖಂಡವೇ ಕರಗುತ್ತದೆ. ಬೇಳೆ, ಹೆಸರುಕಾಳು, ಹಾಲು, ಮೊಸರು, ತಿನ್ನುವವರಾದರೆ ಮೊಟ್ಟೆ, ಚೆನ್ನಾಗಿ ಬೇಯಿಸಿದ ಮೀನು. ಹೊಟ್ಟೆ ತುಂಬಿದ ಹಾಗಿರುವುದರಿಂದ ಒಂದೇ ಸಲ ತಿನ್ನಲಾರರು, ಸ್ವಲ್ಪ ಸ್ವಲ್ಪ ಐದಾರು ಸಲ ಕೊಡಿ. ರಾತ್ರಿ ಮಲಗುವ ಮೊದಲು ಒಂದು ಲೋಟ ಹಾಲು, ಜೊತೆಗೆ ಅವಲಕ್ಕಿಯೋ ಬಾಳೆಹಣ್ಣೋ. ಏಕಾದಶಿ, ಶನಿವಾರದ ಉಪವಾಸ ಇವರಿಗೆ ಬೇಡ. ದೇವರಿಗೆ ಅರ್ಥವಾಗುತ್ತದೆ.

ತೂಕ ದಿನಾ ಬೆಳಗ್ಗೆ, ಮೂತ್ರ ಮಾಡಿದ ಮೇಲೆ, ತಿಂಡಿಗೆ ಮೊದಲು, ಒಂದೇ ಥರದ ಬಟ್ಟೆಯಲ್ಲಿ. ಒಂದು ದಿನಕ್ಕೆ 1 ಕಿಲೋ, ವಾರಕ್ಕೆ 2 ಕಿಲೋ ಏರಿದರೆ ಡಾಕ್ಟರಿಗೆ ತಿಳಿಸಿ. ತೀರಾ ಬೇಗ ಇಳಿಯುವುದೂ ಒಳ್ಳೆಯದಲ್ಲ. ಕಾಲು ಬಾವು ಇಲ್ಲದವರಿಗೆ ದಿನಕ್ಕೆ ಅರ್ಧ ಕಿಲೋಗಿಂತ ಹೆಚ್ಚು ಇಳಿಯಬಾರದು. ದೊಡ್ಡಮ್ಮ ಇದಕ್ಕೆಲ್ಲ ಒಂದು ನೋಟ್‌ಬುಕ್ ಮಾಡಿದ್ದಾರೆ. ತೂಕ, ಹೊಟ್ಟೆ ಅಳತೆ, ಎಷ್ಟು ಸಲ ಹೋದರು, ಯಾವ ಬಣ್ಣ, ಸಿರಪ್ ಎಷ್ಟು, ಗ್ಯಾಸ್. ಡಾಕ್ಟರ್ ಮೊದಲು ನೋಡುವುದು ಆ ಪುಸ್ತಕವನ್ನೇ.

ಮಲ ಡಾಂಬರಿನ ಹಾಗೆ ಕಪ್ಪಾಗಿ ಅಂಟಂಟಾಗಿ ಬಂದರೆ, ಇಲ್ಲವೇ ರಕ್ತವಾಂತಿಯಾದರೆ, ಒಳಗೆ ರಕ್ತ ಸೋರುತ್ತಿದೆ. ತಕ್ಷಣ ಆಸ್ಪತ್ರೆ. ಜ್ವರ 100.4 ದಾಟಿದರೆ, ಹೊಟ್ಟೆ ನೋವು ಬಂದರೆ, ಹೊಟ್ಟೆಯ ನೀರಿಗೆ ಸೋಂಕು ತಗುಲಿರಬಹುದು. ಅದಕ್ಕೂ ಅದೇ ದಿನ ತೋರಿಸಬೇಕು. ಹಗಲೆಲ್ಲ ನಿದ್ದೆ ಮಾಡಿ ರಾತ್ರಿ ಎಚ್ಚರ ಇರುವುದು ಮಂಪರಿನ ಮೊದಲ ಗುರುತು. ನಿದ್ದೆ ಬರಲ್ಲ ಅಂತ ನಿದ್ರೆ ಮಾತ್ರೆ ಕೊಟ್ಟುಬಿಡಬೇಡಿ. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ. ಪ್ಯಾರಾಸಿಟಮಾಲ್ ಡಾಕ್ಟರ್ ಒಪ್ಪಿದರೆ ದಿನಕ್ಕೆ 2 ಗ್ರಾಂ ಒಳಗೆ, ಅಂದರೆ 500ರ ನಾಲ್ಕು ಮಾತ್ರೆಗಿಂತ ಹೆಚ್ಚಲ್ಲ. ನಾಟಿ ಔಷಧಿ ಕೊಡುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ, ಬೇರು ಸೊಪ್ಪು ಯಾವುದೇ ಆದರೂ ಅದನ್ನು ಅರಗಿಸಬೇಕಾದದ್ದು ಅದೇ ಸೋತ ಲಿವರ್.

ಮಳೆಗಾಲದಲ್ಲಿ ತೋಟಕ್ಕೆ ಬಿಡಬೇಡಿ. ಇಂಬಳ ಕಚ್ಚಿದರೆ ನಮಗೇ ರಕ್ತ ಬೇಗ ನಿಲ್ಲುವುದಿಲ್ಲ, ಇವರಿಗೆ ಇನ್ನೂ ಹೊತ್ತು ಸೋರುತ್ತದೆ. ಕಚ್ಚಿದರೆ ಶುದ್ಧ ಬಟ್ಟೆ ಒತ್ತಿ ಹಿಡಿದು ಕೂರಿಸಿ. ಸಿರಪ್ ತಗೊಂಡವರಿಗೆ ರಾತ್ರಿ ಅವಸರ ಬರುತ್ತದೆ. ಹಿತ್ತಲಿನ ಕಕ್ಕಸಿಗೆ ಪಾಚಿ ಮೆಟ್ಟಿಲಿಳಿದು ಹೋಗಿ ಬಿದ್ದವರನ್ನು ಎಷ್ಟೋ ನೋಡಿದ್ದೇನೆ. ಮಂಚದ ಪಕ್ಕ ಕಮೋಡ್ ಕುರ್ಚಿ ಇಡಿ. ಒದ್ದೆಯಾದ ಪಂಚೆ, ಸೀರೆಯಲ್ಲಿ ಇರಲು ಬಿಡಬೇಡಿ, ತೊಡೆಸಂದಿನ ಚರ್ಮ ಕಿತ್ತುಬರುತ್ತದೆ. ಬಿಸಿಲಿಲ್ಲದ ದಿನಗಳಲ್ಲಿ ನಾವು ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಇವರ ಬಟ್ಟೆ ಒಣಗಿಸುತ್ತೇವೆ, ಮನೆಯವರ ಬಟ್ಟೆ ಆಮೇಲೆ. ತುರಿಕೆ ಇದ್ದರೆ ಉಗುರು ಕತ್ತರಿಸಿ, ಹದ ಬಿಸಿನೀರಲ್ಲಿ ಮೀಯಿಸಿ. ಕುದಿಯುವ ಹಂಡೆ ನೀರು ತುರಿಕೆ ಹೆಚ್ಚಿಸುತ್ತದೆ.

ಆಪರೇಷನ್ ಆಗಿ ಮನೆಗೆ ಬಂದ ಮೇಲೆ

ಸಿರಪ್ ಯಾವಾಗ, ಎಷ್ಟರಿಂದ ಮತ್ತೆ ಶುರು ಮಾಡುವುದು ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿಕೊಂಡೇ ಹೊರಡಿ. ಬಹಳ ಜನ ಇದೊಂದನ್ನು ಕೇಳದೆ ಬಂದು, ಹಳೆ ಭಯದಲ್ಲಿ ಸಿರಪ್ ಪೂರ್ತಿ ಬಿಟ್ಟು, ವಾರದಲ್ಲಿ ಮಂಪರಿನಲ್ಲಿ ವಾಪಸ್ ಬರುತ್ತಾರೆ. ಕೆಲವು ವಾರ ನಾರಿನ ತಿನಿಸು ಬೇಡ. ಕಳಲೆ, ಹಲಸಿನ ತೊಳೆ, ಕಿತ್ತಳೆಯ ಸಿಪ್ಪೆ ನಾರು, ನುಗ್ಗೆಕಾಯಿ ಎಲ್ಲ ಡಾಕ್ಟರ್ ಹೇಳುವವರೆಗೆ ದೂರ. ಅನ್ನ ಮೆತ್ತಗೆ ಮಾಡಿ, ಬೇಳೆ ಕಡೆದು, ನಿಧಾನಕ್ಕೆ ಜಗಿದು ತಿನ್ನಲಿ. ಹೊಟ್ಟೆ ಬೆಲ್ಟ್ ಕೊಟ್ಟಿದ್ದರೆ ಏಳುವಾಗ, ಓಡಾಡುವಾಗ ಹಾಕಿ. ಕೆಮ್ಮು ಬಂದಾಗ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿದು ಕೆಮ್ಮಲು ಹೇಳಿಕೊಡಿ. ಕೊಡಪಾನ, ಅಡಿಕೆ ಮೂಟೆ ಎತ್ತುವುದು ಇನ್ನು ಬೇರೆಯವರ ಕೆಲಸ.

ಗಾಯವನ್ನು ದಿನಾ ಬೆಳಕಿನಲ್ಲಿ ನೋಡಿ. ಹೊಟ್ಟೆಯಲ್ಲಿ ನೀರು ಮತ್ತೆ ತುಂಬಿದರೆ ಹೊಲಿಗೆಯ ಸಂದಿನಿಂದ ತಿಳಿ ಹಳದಿ ನೀರು ಜಿನುಗಿ ಬಟ್ಟೆ ಒದ್ದೆಯಾಗುತ್ತದೆ. ಅರಿಶಿನ ಹಚ್ಚಿ ಕಟ್ಟಿಡುವುದಲ್ಲ ಅದು. ಶುದ್ಧ ಗಾಜ್ ಬಟ್ಟೆ ಇಟ್ಟು, ಎಷ್ಟು ಗಾಜ್ ಒದ್ದೆಯಾಯಿತು ಅಂತ ಲೆಕ್ಕ ಬರೆದುಕೊಂಡು, ಅದೇ ದಿನ ಆಪರೇಷನ್ ಮಾಡಿದ ಡಾಕ್ಟರಿಗೆ ತೋರಿಸಿ.